ತಲೆನೋವೆಂದು ತಳ್ಳಿಬಿಡಬೇಡಿರಿ

ತಲೆನೋವೆಂಬುದು ಎಲ್ಲ ಮನೆಗಳಿಗೂ ಬಂದುಹೋಗುವ ಅತಿಥಿ. ಶುಂಠಿಯನ್ನು ತೇದು ಹಣೆಗೆ ಪಟ್ಟು ಹಾಕಿ, ಒಂದು ಲೋಟ ಬಿಸಿ ಕಾಫಿಯನ್ನು ಕುಡಿದು, ಕತ್ತಲೆಯ ಕೋಣೆಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿದರೆ ಅದು ಬಂದ ದಾರಿಯಲ್ಲಿಯೇ ಹೊರಟುಹೋಗುವುದೆಂದು ನಾವೆಲ್ಲರೂ ಬಲ್ಲೆವು. ಆದುದರಿಂದಲೇ ಅದನ್ನು ಒಂದು ವ್ಯಾಧಿಯೆಂದು ಎಣಿಸುವ ವಾಡಿಕೆ ನಮ್ಮ ಸಂಸಾರಗಳಲ್ಲಿ ಇಲ್ಲ. ಬಹುಪಾಲು ತಲೆನೋವುಗಳ ವಿಷಯದಲ್ಲಿ ಈ ಅಲಕ್ಷ್ಯದಿಂದ ಹಾನಿಯೇನೂ ಇಲ್ಲವೆಂಬುದು ದಿಟ. ಆದರೆ ಕೆಲವರ ರಕ್ತದ ಸ್ವಭಾವವು ಹುಟ್ಟಿನಿಂದಲೇ ಬೇರೆಯಾಗಿರುತ್ತದೆ. ಕೆಲವು ದಿನಗಳು ಶರೀರಕ್ಕೆ ಉಳಿದ ದಿನಗಳಿಗಿಂತ ಹೆಚ್ಚು ಅಪಾಯಕರವಾಗಿರುತ್ತವೆ. ಅಂತಹವರಿಗೆ ಅಂತಹ ದಿನಗಳಲ್ಲಿ ಬಂದ ತಲೆನೋವನ್ನು ಹಣೆಯ ಪಟ್ಟಿಗೆ ಒಪ್ಪಿಸಿ ಕುಳಿತರೆ ಏನಾಗುವುದೆಂಬುದನ್ನು ನಾವು ಹಿಂದಿನ ಬೇಸಗೆಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿಯೇ ಕಂಡೆವು. ಕಂಡುದರಲ್ಲಿ ನಮ್ಮ ತಪ್ಪೂ ಸೇರಿದ್ದುದರಿಂದ, ಅದನ್ನು ಮುಚ್ಚಿಡದೆ ವಾಚಕರ ಮುಂದೆ ಇಡುವುದು ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಸಮೀಪದ ಒಂದು ಬೀದಿಯಲ್ಲಿ ನಮ್ಮ ವಾಸ. ಹಿತ್ತಲ ಕಡೆಯ ಎರಡು ಕೋಣೆಗಳನ್ನು ಒಡಿಶಾದ ಪಶ್ಚಿಮ ಭಾಗದಿಂದ ಬಂದ ಒಬ್ಬ ಯುವಕನಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಕೃಷ್ಣರಾಜಪುರದಿಂದ ಆಚೆಗೆ ಏಳುತ್ತಿರುವ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ನೆಲಕ್ಕೆ ಕಲ್ಲು ಹಾಸುವುದು ಅವನ ಉದ್ಯೋಗ. ಮದುವೆಯಾದ ಮೇಲೆ ಹೆಂಡತಿಯನ್ನು ಕರೆತಂದನು. ಆ ಹುಡುಗಿ ನಮ್ಮ ಮನೆಯವರಿಂದ ಕನ್ನಡವನ್ನು ಕಲಿತು, ಅವರನ್ನು ಅಮ್ಮ ಎಂದೂ ನಮ್ಮನ್ನು ಮೇಷ್ಟ್ರೇ ಎಂದೂ ಕರೆಯುತ್ತ, ನಮ್ಮ ಮನೆಯ ಮಗಳಂತೆಯೇ ಓಡಾಡಿಕೊಂಡಿದ್ದಳು. ಆಗಾಗ ಕೈಕಾಲುಗಳ ಮೂಳೆ ನೋಯುತ್ತದೆಂದು ಎರಡು ಮೂರು ದಿನ ಹಾಸಿಗೆ ಹಿಡಿಯುತ್ತಿದ್ದಳು. ಕಣ್ಣಿನ ಬಿಳಿಭಾಗ ಕೊಂಚ ಹಳದಿಯಾಗಿ ಕಾಣುತ್ತಿತ್ತು. ಬಡತನದ ಊಟ, ಹೊಸ ಊರಿನ ಹವೆ ಎಂದು ನಾವು ಸಮಾಧಾನ ಹೇಳಿಕೊಂಡೆವು.

ಬೇಸಗೆಯಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ಊರಿನಿಂದ ಅತ್ತೆ ಬಂದಿದ್ದಳು. ಬಾಣಂತಿಗೆ ಹೆಚ್ಚು ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಮೈಗೆ ಶೀತವೇರುತ್ತದೆ, ಮಗುವಿಗೆ ನೆಗಡಿ ಹಿಡಿಯುತ್ತದೆ ಎಂಬುದು ಅವಳ ನಂಬಿಕೆ. ನಮ್ಮ ಮನೆಯವರ ನಂಬಿಕೆಯೂ ಅದೇ. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಹಿರಿಯ ಹೆಂಗಸರು ಈ ಒಂದು ವಿಷಯದಲ್ಲಿ ಮಾತ್ರ ಸಂಪೂರ್ಣ ಏಕಮತವಾದುದನ್ನು ನೋಡಿ ನಾವು ವಿನೋದಪಟ್ಟೆವು. ಹುಡುಗಿಯು ಬಾಯಾರಿಕೆಯೆಂದು ನಮ್ಮ ಕಡೆಗೆ ನೋಡಿದಾಗ, “ಹಿರಿಯರು ಸುಮ್ಮನೆ ಹೇಳಿಲ್ಲಮ್ಮ, ಶಾಸ್ತ್ರದಲ್ಲಿ ಆಧಾರವಿಲ್ಲದೆ ರೂಢಿ ಬೆಳೆಯುವುದಿಲ್ಲ” ಎಂದು ಉಪದೇಶವನ್ನೂ ಮಾಡಿದೆವು. ದಿನಕ್ಕೆ ಎರಡು ಲೋಟ ಬಿಸಿನೀರು, ಮೆಣಸಿನ ಸಾರು, ತುಪ್ಪದ ಅನ್ನ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹೊರಗೆ ಬೆಂಗಳೂರು ಕಾಯ್ದ ಕಾವಲಿಯಂತಿತ್ತು.

ಎಂಟನೆಯ ದಿನ ಅವಳಿಗೆ ತಲೆನೋವು ಬಂದಿತು. ಒಂಬತ್ತನೆಯ ದಿನ ಅದು ಹೆಚ್ಚಾಯಿತು. ಮಲಗಿದರೆ ಹೆಚ್ಚು, ಎದ್ದು ಕುಳಿತರೆ ಸ್ವಲ್ಪ ಕಡಿಮೆ ಎನ್ನುತ್ತಿದ್ದಳು. ಹತ್ತಿರದ ಒಂದು ಔಷಧಾಲಯದಲ್ಲಿ ನೋವಿನ ಗುಳಿಗೆಗಳನ್ನು ಕೊಟ್ಟು ನಿದ್ರೆಗೆಟ್ಟುದರಿಂದ ಹೀಗಾಗಿದೆಯೆಂದು ಕಳುಹಿಸಿದರು. ಹತ್ತನೆಯ ದಿನ ಎರಡು ಸಲ ವಾಂತಿಯಾಯಿತು. ದೀಪವು ಎರಡೆರಡಾಗಿ ಕಾಣುತ್ತದೆಂದಳು. ಹನ್ನೊಂದನೆಯ ದಿನ ಬೆಳಗ್ಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದಾಗಲೇ ಅವಳ ಬಲಗೈ ಸೆಟೆದು, ಮುಖ ಒಂದು ಕಡೆಗೆ ತಿರುಗಿ, ಮೈಯೆಲ್ಲ ಅದುರತೊಡಗಿತು. ನಮ್ಮ ಮನೆಯವರು ಮಗುವನ್ನು ಎತ್ತಿಕೊಂಡರು. ವಠಾರದವರು ಕೂಡಿ ಬಾಣಂತಿ ಸನ್ನಿಯೆಂದರು. ಒಬ್ಬರು ತಾಯಿತ ಕಟ್ಟಿಸಬೇಕೆಂದರು. ಯಾರೋ ಪುಣ್ಯಾತ್ಮರು 108ಕ್ಕೆ ಕರೆ ಮಾಡಿದರು.

ಆಸ್ಪತ್ರೆಯಲ್ಲಿದ್ದ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಬಾಣಂತಿಯ ಕಣ್ಣಿನ ರೆಪ್ಪೆಯನ್ನು ಬಿಡಿಸಿ ನೋಡಿ, ಗಂಡನ ಕಡೆಗೆ ತಿರುಗಿ, “ಈಕೆಗೆ ಚಿಕ್ಕಂದಿನಿಂದ ಏನಾದರೂ ಕಾಯಿಲೆ ಇದೆಯೇ? ರಕ್ತಪರೀಕ್ಷೆ ಮಾಡಿಸಿದ್ದ ಕಾಗದವೇನಾದರೂ ಉಂಟೇ?” ಎಂದು ಕೇಳಿದರು. ಅವನಿಗೆ ತಿಳಿಯದು. ಸಂಜೆ ಅವಳ ತಂದೆಗೆ ದೂರವಾಣಿ ಮಾಡಿದಾಗ ಸಂಗತಿ ಹೊರಬಿದ್ದಿತು: ಮದುವೆಗೆ ಮುನ್ನ ಊರಿನಲ್ಲಿ ರಕ್ತಪರೀಕ್ಷೆಯಾಗಿ, ಅವಳಿಗೆ ಸಿಕಲ್ ಸೆಲ್ ರೋಗವಿದೆಯೆಂಬ ಚೀಟಿಯನ್ನು ಕೊಟ್ಟಿದ್ದರು. ಮದುವೆ ಮುರಿದೀತೆಂಬ ಭಯದಿಂದ ಅದನ್ನು ಯಾರಿಗೂ ತೋರಿಸಕೂಡದೆಂದು ಅವರು ಮಗಳಿಗೆ ಹೇಳಿದ್ದರು. ಆ ಚೀಟಿ ನಮ್ಮ ಹಿತ್ತಲ ಮನೆಯ ತಗಡಿನ ಪೆಟ್ಟಿಗೆಯಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಸಿಕ್ಕಿತು.

ಅಷ್ಟರಲ್ಲಿ ಎಂ.ಆರ್.ಐ. ಯಂತ್ರದಲ್ಲಿ ಮಿದುಳಿನ ಚಿತ್ರವನ್ನು ತೆಗೆದಿದ್ದರು. ಮಿದುಳಿನಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ದೊಡ್ಡ ಸಿರೆಯಲ್ಲಿ ರಕ್ತವು ಹೆಪ್ಪುಗಟ್ಟಿ ನಿಂತಿತ್ತು. ವೈದ್ಯೆಯು ನಮ್ಮನ್ನು ಕರೆದು, “ಮೇಷ್ಟ್ರೇ, ದಿನಕ್ಕೆ ಎಷ್ಟು ನೀರು ಕೊಡುತ್ತಿದ್ದಿರಿ?” ಎಂದರು. ಎರಡು ಲೋಟವೆಂದೆವು. “ನೀರು ಕೊಡದಿದ್ದುದೊಂದರಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಆದರೆ ಈಕೆಯ ರಕ್ತಕ್ಕೆ ನೀರೇ ಮೊದಲ ಔಷಧ” ಎಂದು ಆಕೆ ಮೆಲ್ಲಗೆ ಹೇಳಿದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಅಂದು ಪಾಠ ಹೇಳಿಸಿಕೊಂಡೆವು.

ಆ ಪಾಠವನ್ನು ವೈದ್ಯರಿಂದ ಕೇಳಿಯೂ ಪುಸ್ತಕಗಳಿಂದ ಓದಿಯೂ ನಮಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ನಮ್ಮ ರಕ್ತದ ಕೆಂಪುಕಣಗಳು ಆರೋಗ್ಯದಲ್ಲಿ ದುಂಡಗೆ, ನಡುವೆ ತಗ್ಗಾಗಿ, ಮೃದುವಾಗಿ ಇರುತ್ತವೆ. ಅವುಗಳೊಳಗಿನ ಹಿಮೋಗ್ಲೋಬಿನ್ ಎಂಬ ವಸ್ತುವು ಪ್ರಾಣವಾಯುವನ್ನು ಹೊತ್ತು ತಿರುಗುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಈ ಹಿಮೋಗ್ಲೋಬಿನ್ ತನ್ನ ಪ್ರಾಣವಾಯುವನ್ನು ಬಿಟ್ಟುಕೊಟ್ಟ ಕೂಡಲೆ ಒಂದಕ್ಕೊಂದು ಅಂಟಿಕೊಂಡು ದಾರದಂತೆ ಗಟ್ಟಿಯಾಗುತ್ತದೆ. ಕಣವು ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. 1910ರಲ್ಲಿ ಅಮೆರಿಕಾದ ಶಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯರು ಇಂತಹ ಕಣಗಳನ್ನು ಮೊದಲು ವರ್ಣಿಸಿದರು. 1949ರಲ್ಲಿ ಲೈನಸ್ ಪಾಲಿಂಗ್ ಎಂಬ ರಸಾಯನಶಾಸ್ತ್ರಜ್ಞರೂ ಅವರ ಸಂಗಡಿಗರೂ ದೋಷವಿರುವುದು ಹಿಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಎಂದು ತೋರಿಸಿದರು. ಕೆಲವು ವರ್ಷಗಳಲ್ಲಿಯೇ ವರ್ನನ್ ಇಂಗ್ರಾಮ್ ಎಂಬವರು ಆ ದೋಷದ ನೆಲೆಯನ್ನು ಕಂಡುಹಿಡಿದರು: ಅಣುವಿನ ಒಂದು ಎಳೆಯಲ್ಲಿ 146 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿವೆ, ಅವುಗಳಲ್ಲಿ 6ನೆಯ ಮಣಿ ಮಾತ್ರ ಬದಲಾಗಿದೆ. ವೃತ್ರನ ತಂದೆಯಾದ ತ್ವಷ್ಟೃವು ಯಜ್ಞದಲ್ಲಿ ‘ಇಂದ್ರಶತ್ರು’ ಎಂಬ ಒಂದೇ ಪದದ ಸ್ವರವನ್ನು ತಪ್ಪಿ ಉಚ್ಚರಿಸಿದುದರಿಂದ, ಇಂದ್ರನನ್ನು ಕೊಲ್ಲಬೇಕಾದವನೇ ಇಂದ್ರನಿಂದ ಹತನಾದನೆಂಬ ಕಥೆಯನ್ನು ನಾವು ವ್ಯಾಕರಣ ಓದುವಾಗ ಕೇಳಿದ್ದೆವು. ದೇಹದ ವ್ಯಾಕರಣದಲ್ಲಿಯೂ ಒಂದಕ್ಷರದ ತಪ್ಪು ಇಷ್ಟು ಮಾಡಬಲ್ಲುದು.

ಆರೋಗ್ಯವಾದ ಕೆಂಪುಕಣವು ಸುಮಾರು 120 ದಿನ ಬಾಳುತ್ತದೆ. ಕುಡುಗೋಲು ಕಣವು 10ರಿಂದ 20 ದಿನಗಳಲ್ಲಿ ಒಡೆದುಹೋಗುತ್ತದೆ. ಇದರಿಂದಲೇ ರಕ್ತಹೀನತೆ, ಕಣ್ಣಿನ ಹಳದಿ. ಬಿರುಸಾದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಮೂಳೆಗಳ ನೋವು. ಹಾಗೆ ಒಡೆದ ಕಣಗಳಿಂದ ಹೊರಬಿದ್ದ ವಸ್ತುವು ನಾಳಗಳ ಒಳಪದರವನ್ನು ಕೆರಳಿಸುತ್ತದೆ. ರಕ್ತವು ಗಡ್ಡೆಕಟ್ಟುವ ಸ್ವಭಾವವನ್ನು ತಳೆಯುತ್ತದೆ. ರಕ್ತನಾಳದ ಗೋಡೆ ಕೆಡುವುದು, ರಕ್ತದ ಹರಿವು ನಿಧಾನವಾಗುವುದು, ರಕ್ತದ ಗುಣವೇ ಬದಲಾಗುವುದು—ಹೆಪ್ಪುಗಟ್ಟುವುದಕ್ಕೆ ಈ ಮೂರು ಕಾರಣಗಳನ್ನು ಜರ್ಮನ್ ದೇಶದ ವಿರ್ಕೋ ಎಂಬ ಪಂಡಿತರ ಹೆಸರಿನಿಂದ ವೈದ್ಯರು ಇಂದಿಗೂ ಸ್ಮರಿಸುತ್ತಾರೆ. ಕುಡುಗೋಲು ಕಣದವರಲ್ಲಿ ಮೂರೂ ಒಂದುಗೂಡುತ್ತವೆ. ಇದರ ಮೇಲೆ ದೇಹದಲ್ಲಿ ನೀರು ಕಡಿಮೆಯಾದರೆ ಕಣದೊಳಗಿನ ನೀರೂ ಕಡಿಮೆಯಾಗಿ, ದಾರಗಳು ಇನ್ನೂ ಬೇಗ ಹೆಣೆದುಕೊಳ್ಳುತ್ತವೆ.

ಇನ್ನು ಮಿದುಳಿನ ಸಿರೆಗಳ ಮಾತು. ಹೃದಯದಿಂದ ಹೊರಟ ರಕ್ತವನ್ನು ಒಯ್ಯುವ ನಾಳವನ್ನು ಧಮನಿಯೆಂದೂ, ಹಿಂದಿರುಗಿ ಬರುವ ರಕ್ತದ ನಾಳವನ್ನು ಸಿರೆಯೆಂದೂ ಇಂದು ನಾವು ಕರೆಯುತ್ತೇವೆ. ಸುಶ್ರುತನು ಸಿರೆಗಳು 700, ಧಮನಿಗಳು 24 ಎಂದು ಎಣಿಸಿದ್ದಾನೆ. ಅವನ ವಿಂಗಡಣೆಯೂ ಇಂದಿನ ವಿಂಗಡಣೆಯೂ ಒಂದೇ ಅಲ್ಲ. ಆದರೆ ತಲೆಯ ಒಳಗೆ ಮೇಲುಭಾಗದಲ್ಲಿ ಸಿರೆಗಳು ಕೂಡುವ ಎಡೆಯನ್ನು ಅಧಿಪತಿಯೆಂಬ ಮರ್ಮವಾಗಿ ಹೇಳಿ, ಅಲ್ಲಿ ಪೆಟ್ಟಾದರೆ ಸದ್ಯೋಮರಣವೆಂದು ಎಚ್ಚರಿಸಿದ್ದಾನೆ. ಈ ರೋಗವನ್ನು ಅವನು ಬಲ್ಲನೆಂದು ನಾವು ಹೇಳುವುದಿಲ್ಲ. ಹೇಳುವುದು ಅವನಿಗೂ ಗೌರವವಲ್ಲ. ಆ ಸ್ಥಳದ ಗೌರವವನ್ನು ಮಾತ್ರ ಅವನು ಅರಿತಿದ್ದನು. ಇಂದಿನ ಶಾರೀರಶಾಸ್ತ್ರದಂತೆ, ಮಿದುಳಿನ ಹೊದಿಕೆಯ ಎರಡು ಪದರಗಳ ನಡುವೆ ದೊಡ್ಡ ಕಾಲುವೆಗಳಿವೆ; ಅವುಗಳಲ್ಲಿ ಮುಖ್ಯವಾದುದು ಹಣೆಯಿಂದ ಹಿಂದಲೆಯವರೆಗೆ, ಹೆಂಗಸರು ಬೈತಲೆ ತೆಗೆಯುವ ಗೆರೆಯ ನೇರಕ್ಕೆ, ತಲೆಬುರುಡೆಯ ಕೆಳಗೆ ಹರಿಯುತ್ತದೆ.

ಧಮನಿ ಮುಚ್ಚುವುದಕ್ಕೂ ಸಿರೆ ಮುಚ್ಚುವುದಕ್ಕೂ ಭೇದವುಂಟು. ನೀರು ಬರುವ ನಲ್ಲಿ ಕಟ್ಟಿದರೆ ಮನೆ ಒಡನೆಯೇ ಒಣಗುತ್ತದೆ. ಧಮನಿ ಮುಚ್ಚಿದಾಗ ಪಾರ್ಶ್ವವಾಯು ಹೀಗೆಯೇ ಹಠಾತ್ತಾಗಿ ಬರುತ್ತದೆ. ನೀರು ಹೋಗುವ ಕಾಲುವೆ ಕಟ್ಟಿದರೆ ಹಾಗಲ್ಲ. ಬೆಂಗಳೂರಿನ ಪೂರ್ವಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ರಾಜಕಾಲುವೆಯ ಬಾಯಿ ಮುಚ್ಚಿದಾಗ ಮಳೆಯ ನೀರು ಮೊದಲು ಬೀದಿಯಲ್ಲಿ ನಿಂತು, ಆಮೇಲೆ ಅಂಗಳಕ್ಕೆ ಏರಿ, ಕಡೆಗೆ ಹೊಸಿಲು ದಾಟುತ್ತದೆ. ಸಿರೆ ಮುಚ್ಚಿದ ಮಿದುಳಿನಲ್ಲಿಯೂ ರಕ್ತವು ಹಿಂದಕ್ಕೆ ಒತ್ತಿ, ತಲೆಯೊಳಗಿನ ಒತ್ತಡ ಏರಿ, ಮಿದುಳು ಬಾತು, ಕೆಲವರಲ್ಲಿ ಸಣ್ಣ ನಾಳಗಳು ಒಡೆದು ರಕ್ತಸ್ರಾವವೂ ಆಗುತ್ತದೆ. ಆದುದರಿಂದಲೇ ಈ ವ್ಯಾಧಿಯು ಸಾಮಾನ್ಯವಾಗಿ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಅದು ನಮಗೆ ಅವಕಾಶ ಕೊಡುತ್ತದೆ. ಆ ಅವಕಾಶವನ್ನು ನಾವೇ ಕಳೆಯುತ್ತೇವೆ.

ಕುಡುಗೋಲು ಕಣದವರಲ್ಲಿ ಧಮನಿಗಳಿಂದ ಬರುವ ಪಾರ್ಶ್ವವಾಯುವೇ ಹೆಚ್ಚು. ಸಿರೆಗಳಲ್ಲಿ ಹೆಪ್ಪುಗಟ್ಟುವುದು ಅಪರೂಪ. ಆದರೆ ಅಪರೂಪವೆಂಬ ಕಾರಣದಿಂದಲೇ ಅದು ಯಾರಿಗೂ ಹೊಳೆಯುವುದಿಲ್ಲ. ಮೂಳೆನೋವಿನ ಸಂಕಟದ ನಡುವೆ, ಜ್ವರದಲ್ಲಿ, ಭೇದಿಯಾಗಿ ನೀರು ಕಳೆದುಕೊಂಡಾಗ, ಗರ್ಭಿಣಿಯಾಗಿರುವಾಗ, ಅದಕ್ಕಿಂತಲೂ ಹೆಚ್ಚಾಗಿ ಹೆರಿಗೆಯಾದ ಮೊದಲ ವಾರಗಳಲ್ಲಿ ಅಪಾಯ ಏರುತ್ತದೆ. ಈಸ್ಟ್ರೋಜನ್ ಉಳ್ಳ ಗರ್ಭನಿರೋಧಕ ಗುಳಿಗೆಗಳೂ ಅಪಾಯವನ್ನು ಹೆಚ್ಚಿಸುವುವು. ಈ ರೋಗವುಳ್ಳ ಹೆಣ್ಣುಮಕ್ಕಳು ವೈದ್ಯರನ್ನು ಕೇಳದೆ ಅವನ್ನು ತೆಗೆದುಕೊಳ್ಳಬಾರದು.

ಕುಡುಗೋಲು ಕಣವಿಲ್ಲದ ಬಾಣಂತಿಯರಿಗೂ ಈ ವ್ಯಾಧಿ ಬರುವುದುಂಟೆಂಬುದನ್ನು ತಾಯಂದಿರು ಮರೆಯಬಾರದು. ಹೆರಿಗೆಯ ಸಮಯದ ರಕ್ತಸ್ರಾವವನ್ನು ತಡೆಯಲೆಂದು ಪ್ರಕೃತಿಯೇ ಆ ದಿನಗಳಲ್ಲಿ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಕೊಟ್ಟಿರುತ್ತದೆ. ನರರೋಗತಜ್ಞರಾದ ಕೆ. ಶ್ರೀನಿವಾಸನ್ ಅವರು ಗರ್ಭಿಣಿ ಮತ್ತು ಬಾಣಂತಿಯರ ಮಿದುಳಿನ ನಾಳಗಳಲ್ಲಿ ಹೆಪ್ಪುಗಟ್ಟಿದ 135 ಪ್ರಸಂಗಗಳನ್ನು 1983ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಬಾಣಂತಿಯರ ಈ ವ್ಯಾಧಿಯನ್ನು ದಶಕಗಳಿಂದ ಪರಿಶೀಲಿಸಿ ಬರೆದಿದ್ದಾರೆ. ನಮ್ಮ ಅಜ್ಜಿಯಂದಿರು ಬಾಣಂತಿ ಸನ್ನಿಯೆಂದು ಕರೆದು ಕಣ್ಣೀರಿಟ್ಟ ಮರಣಗಳಲ್ಲಿ ಎಷ್ಟು ಇದರವೋ ಎಂದು ಎಣಿಸಿದರೆ ಮನಸ್ಸು ಮುದುಡುತ್ತದೆ. ನಮ್ಮ ಹಿತ್ತಲ ಮನೆಯ ಹುಡುಗಿಗೆ ಕುಡುಗೋಲು ಕಣ, ಬಾಣಂತಿತನ, ಬೇಸಗೆ, ಬಾಯಾರಿಕೆ—ನಾಲ್ಕೂ ಕೂಡಿದ್ದವು.

ಇಷ್ಟು ಕೆಡುಕನ್ನು ಮಾಡುವ ಬೀಜವು ವಂಶಗಳಲ್ಲಿ ಅಳಿಯದೆ ಉಳಿದುದೇಕೆ ಎಂಬ ಸಂದೇಹ ವಾಚಕರಿಗೆ ಬರಬಹುದು. ತಂದೆತಾಯಿಗಳಿಬ್ಬರಿಂದಲೂ ದೋಷದ ಬೀಜವು ಬಂದರೆ ಮಾತ್ರ ಈ ರೋಗ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಅವರನ್ನು ವಾಹಕರೆನ್ನುತ್ತಾರೆ. ಈ ವಾಹಕರಿಗೆ ಮಾರಕವಾದ ಮಲೇರಿಯಾದಿಂದ ಹೆಚ್ಚಿನ ರಕ್ಷಣೆಯಿದೆಯೆಂದು 1954ರಲ್ಲಿ ಆಂಥನಿ ಆಲಿಸನ್ ಎಂಬ ವಿಜ್ಞಾನಿಯು ಆಫ್ರಿಕಾದಲ್ಲಿ ಕಂಡು ಪ್ರಕಟಿಸಿದರು. ಮಲೇರಿಯಾ ಬೀಡುಬಿಟ್ಟ ಕಾಡುಗಳಲ್ಲಿ ಈ ಬೀಜವು ಕುಲವನ್ನು ಕಾಯ್ದಿತು. ಕಾಯ್ದುದಕ್ಕೆ ಕೆಲವು ಮಕ್ಕಳನ್ನು ಬಲಿಯಾಗಿ ತೆಗೆದುಕೊಂಡಿತು.

ಮಲೇರಿಯಾದ ಮಾತು ಬಂದಾಗ ನಮ್ಮ ದಂಡು ಪ್ರದೇಶವನ್ನು ನೆನೆಯದೆ ಇರಲಾಗದು. ಆ ಜ್ವರವನ್ನು ಸೊಳ್ಳೆ ಹರಡುವುದೆಂದು ಸಿದ್ಧಪಡಿಸಿ 1902ರಲ್ಲಿ ನೊಬೆಲ್ ಬಹುಮಾನ ಪಡೆದ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯನಾಗಿದ್ದಾಗ ತನ್ನ ಬಂಗಲೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರನ್ನು ಚೆಲ್ಲಿದರೆ ಸೊಳ್ಳೆ ತಗ್ಗುವುದೆಂದು ಅರಿತನು. 1895ರಲ್ಲಿ ಕಾಲರಾ ನಿವಾರಣೆಗೆಂದು ಮತ್ತೆ ಇಲ್ಲಿಗೆ ಬಂದನು. ಅನಂತರ ನೀಲಗಿರಿಯ ಸೀಗೂರು ಘಟ್ಟದ ಕಾಡಿಗೆ ಹೋಗಿ ತಾನೇ ಮಲೇರಿಯಾದಿಂದ ಮಲಗಿದನು. ಅದೇ ನೀಲಗಿರಿಯ ಗಿರಿಜನರಲ್ಲಿ ಕುಡುಗೋಲು ಕಣವಿರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ಸಂಶೋಧಕರು 1952ರಲ್ಲಿ ಪ್ರಕಟಿಸಿದರು. ಒಂದೇ ಬೆಟ್ಟದ ಕಾಡಿನಲ್ಲಿ ರೋಗವೂ ಅದರ ಕವಚವೂ ಜೊತೆಯಾಗಿದ್ದವೆಂಬುದು ಹೀಗೆ ತಿಳಿದುಬಂದಿತು.

ನೀಲಗಿರಿಯ ಈಚೆಯ ಮಗ್ಗುಲೇ ನಮ್ಮ ನಾಡು. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ, ಯರವ ಮೊದಲಾದ ಜನಗಳಲ್ಲಿ ಈ ಬೀಜವುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಈ ರೋಗದ ಪರೀಕ್ಷೆಗೂ ಆರೈಕೆಗೂ ಶ್ರಮಿಸಿದೆ. ಒಡಿಶಾ, ಛತ್ತೀಸಗಡ, ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತುಗಳಲ್ಲಿ ಇದು ಇನ್ನೂ ವಿಸ್ತಾರವಾಗಿದೆ. ಅಲ್ಲಿ ಗಿರಿಜನರಲ್ಲದ ಕುಲಗಳಲ್ಲಿಯೂ ಇದೆ. ಬಯ್ಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ನಿಲ್ದಾಣವು 2022ರಲ್ಲಿ ತೆರೆದ ಮೇಲೆ ಪೂರ್ವದೇಶದ ಅನೇಕ ರೈಲುಗಳು ಅಲ್ಲಿಗೇ ಬಂದು ನಿಲ್ಲುತ್ತವೆ. ಇಂದಿರಾನಗರದ ಹೋಟಲಿನಲ್ಲಿ ತಟ್ಟೆ ತೆಗೆಯುವ ಹುಡುಗ, ಶಿವಾಜಿನಗರದಲ್ಲಿ ಮೂಟೆ ಹೊರುವವನು, ಕೃಷ್ಣರಾಜಪುರದಲ್ಲಿ ಗಾರೆ ಕಲಸುವ ಹೆಣ್ಣುಮಗಳು—ಇವರಲ್ಲಿ ಕೆಲವರು ಈ ರಕ್ತವನ್ನು ಹೊತ್ತು ಬಂದಿರಬಹುದು. ಅವರಿಗೇ ಅದು ತಿಳಿದಿರಲಾರದು. ಅದು ಅವರ ದೋಷವಲ್ಲ; ಮುಟ್ಟಿದರೆ ಅಂಟುವುದಲ್ಲ; ಒಂದು ಜಾತಿಯ ಕಳಂಕವಂತೂ ಅಲ್ಲವೇ ಅಲ್ಲ.

ಈಗ ಲಕ್ಷಣಗಳನ್ನು ಹೇಳುತ್ತೇವೆ. ಮನೆಯ ಹೆಂಗಸರೂ ಗಂಡಸರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಿಂದೆ ಕಾಣದಂತಹ ತಲೆನೋವು ದಿನದಿನಕ್ಕೆ ಹೆಚ್ಚುವುದು, ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ ಅದು ಏರುವುದು, ಜೊತೆಗೆ ವಾಂತಿ, ದೃಷ್ಟಿ ಮಂಜಾಗುವುದು ಅಥವಾ ಒಂದು ವಸ್ತು ಎರಡಾಗಿ ತೋರುವುದು, ಕೈಕಾಲಿನ ಒಂದು ಪಕ್ಕದಲ್ಲಿ ಬಲ ಕುಂದುವುದು, ಮಾತು ತೊದಲುವುದು, ಮಂಪರು, ಸೆಳವು. ಕುಡುಗೋಲು ಕಣದವರಲ್ಲಿ, ಗರ್ಭಿಣಿಯರಲ್ಲಿ, ಬಾಣಂತಿಯರಲ್ಲಿ ಇವುಗಳಲ್ಲಿ ಮೊದಲನೆಯದು ಕಂಡಾಗಲೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು; ಕಡೆಯದಕ್ಕೆ ಕಾಯತಕ್ಕದ್ದಲ್ಲ. ಸಾಧಾರಣವಾದ ಸಿ.ಟಿ. ಚಿತ್ರದಲ್ಲಿ ಈ ಹೆಪ್ಪು ಕೆಲವೊಮ್ಮೆ ಕಾಣದೆ ಹೋಗುವುದುಂಟು. ಸಿರೆಗಳನ್ನೇ ತೋರಿಸುವ ಬೇರೆ ಬಗೆಯ ಚಿತ್ರ ಬೇಕಾಗುತ್ತದೆ. ಆದುದರಿಂದ ರೋಗಿಯ ರಕ್ತದ ಸಂಗತಿಯನ್ನೂ ಹೆರಿಗೆಯ ದಿನವನ್ನೂ ಕೇಳುವ ಮುನ್ನವೇ ವೈದ್ಯರಿಗೆ ಹೇಳಬೇಕು.

ಚಿಕಿತ್ಸೆಯಲ್ಲಿ ಪ್ರಧಾನವಾದುದು ಹೆಪಾರಿನ್ ಎಂಬ ಔಷಧ. 1916ರಲ್ಲಿ ಅಮೆರಿಕಾದ ವಿದ್ಯಾರ್ಥಿಯೊಬ್ಬನ ಪ್ರಯೋಗಗಳಿಂದ ಬೆಳಕಿಗೆ ಬಂದ ಈ ವಸ್ತುವು ಮೊದಲು ದೊರೆತುದು ನಾಯಿಯ ಯಕೃತ್ತಿನಿಂದ. ಗ್ರೀಕರ ‘ಹೆಪಾರ್’ ಎಂಬ ಶಬ್ದವೂ ನಮ್ಮ ‘ಯಕೃತ್’ ಶಬ್ದವೂ ಒಂದೇ ಮೂಲದವು. ಹೆಪಾರಿನ್ ಹೆಪ್ಪನ್ನು ತಾನಾಗಿ ಕರಗಿಸುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತದೆ, ದೇಹವು ತಾನೇ ದಾರಿ ಬಿಡಿಸಿಕೊಳ್ಳುತ್ತದೆ. 1991ರಲ್ಲಿ ಜರ್ಮನಿಯ ವೈದ್ಯರು 20 ಮಂದಿ ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದರು: ಹೆಪಾರಿನ್ ಪಡೆದ 10 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ, 8 ಮಂದಿ ಪೂರ್ಣವಾಗಿ ಗುಣವಾದರು, ಪಡೆಯದ 10 ಮಂದಿಯಲ್ಲಿ 3 ಮಂದಿ ಸತ್ತರು, ಪೂರ್ಣ ಗುಣವಾದವರು ಒಬ್ಬರೇ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೂ ವೈದ್ಯರು ಈ ಔಷಧವನ್ನು ಕೊಡುವುದು ಕಾಲುವೆಯ ಬಾಯಿ ತೆರೆಯದೆ ನೆರೆ ಇಳಿಯದೆಂಬುದರಿಂದ. 2004ರಲ್ಲಿ ಪ್ರಕಟವಾದ, ಅನೇಕ ದೇಶಗಳ 624 ರೋಗಿಗಳ ಸಮೀಕ್ಷೆಯಲ್ಲಿ ನೂರಕ್ಕೆ 79 ಮಂದಿ ಯಾವ ತೊಂದರೆಯೂ ಇಲ್ಲದೆ ಅಥವಾ ಅಲ್ಪ ತೊಂದರೆಯೊಡನೆ ಉಳಿದರು. ನೂರಕ್ಕೆ 8 ಮಂದಿ ತೀರಿಕೊಂಡರು. ಕುಡುಗೋಲು ಕಣದವರಿಗೆ ಇದರೊಡನೆ ರಕ್ತವನ್ನು ಬದಲಿಸುವ ಉಪಚಾರವೂ ಬೇಕಾಗಬಹುದು.

ನಮ್ಮ ಹುಡುಗಿಗೆ ಹೆಪಾರಿನ್ ಚುಚ್ಚುಮದ್ದು ಕೊಟ್ಟರು. ಸೆಳವಿಗೆ ಔಷಧ ಕೊಟ್ಟರು. ಕೆಟ್ಟ ರಕ್ತವನ್ನು ತೆಗೆದು ಒಳ್ಳೆಯ ರಕ್ತವನ್ನು ಸೇರಿಸಿದರು. ಹೆಪಾರಿನ್ ಎದೆಹಾಲಿಗೆ ಸೇರುವುದಿಲ್ಲವೆಂದು ವೈದ್ಯೆ ಹೇಳಿದುದರಿಂದ ಮಗುವಿಗೆ ಹಾಲು ತಪ್ಪಲಿಲ್ಲ. ನಾಲ್ಕನೆಯ ದಿನ ಅವಳು ಕಣ್ಣು ತೆರೆದು ನಮ್ಮ ಮನೆಯವರನ್ನು ನೋಡಿ, “ಅಮ್ಮ, ನೀರು” ಎಂದಳು. ನಮ್ಮ ಮನೆಯವರ ಕೈ ನಡುಗುತ್ತಿತ್ತು. ಚೊಂಬನ್ನು ಎತ್ತಿ ಕುಡಿಸಿದವಳು ಅತ್ತೆ.

ಚೀಟಿಯನ್ನು ಮುಚ್ಚಿಟ್ಟುದಕ್ಕಾಗಿ ಆಕೆ ಸೊಸೆಯ ತೌರಿನವರ ಮೇಲೆ ಸಿಟ್ಟಾಗುವಳೆಂದು ನಾವು ಹೆದರಿದ್ದೆವು. ಆಕೆ ಮಗನ ಬಾಯಿಂದ ನಮಗೆ ಹೇಳಿಸಿದುದು ಇಷ್ಟೇ: “ಮೊದಲೇ ತಿಳಿಸಿದ್ದರೆ ನಾನು ನೀರು ಕೊಡದೆ ಇರುತ್ತಿದ್ದೆನೇ?” ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದ ಮೇಲೆ ನಾವು ಚರಕಸಂಹಿತೆಯನ್ನು ಕೆಳಗಿಳಿಸಿ ಶಾರೀರಸ್ಥಾನವನ್ನು ತೆರೆದೆವು. ಬಾಣಂತಿಗೆ ಸ್ನೇಹದ್ರವ್ಯವನ್ನು ಕೊಟ್ಟ ಮೇಲೆ ಗಂಜಿಯನ್ನು, ಅದೂ ದ್ರವವಾದ ಗಂಜಿಯನ್ನು, ಕುಡಿಸಬೇಕೆಂದು ಅಲ್ಲಿ ಹೇಳಿದೆ. ಬಾಯಾರಿದ ಬಾಣಂತಿಯ ಮುಂದೆ ನಾವು ಶಾಸ್ತ್ರದ ಹೆಸರನ್ನು ಹೇಳಿದ್ದೆವಲ್ಲ, ಶಾಸ್ತ್ರವನ್ನು ನೋಡಿರಲಿಲ್ಲ. ಓದಿದವನು ನೋಡದೆ ಆಡುವ ಮಾತು ಓದದವನ ಮೂಢತೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಏಕೆಂದರೆ ಅದನ್ನು ಎದುರಿಸಿ ಕೇಳುವವರಿಲ್ಲ.

ಕಡೆಯದಾಗಿ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ. ಬಾಣಂತಿಗೆ ಬಾಯಾರಿದಷ್ಟು ನೀರನ್ನು ಕೊಡಿರಿ. ವೈದ್ಯರು ಬೇರೆ ಕಾರಣಕ್ಕಾಗಿ ಮಿತಿ ಹೇಳಿದ್ದರೆ ಮಾತ್ರ ಮಿತಿ. ಅವಳು ಹಾಸಿಗೆ ಬಿಟ್ಟು ಮೆಲ್ಲಗೆ ಓಡಾಡಲಿ. ಆಗಾಗ ಮೂಳೆನೋವು, ಹಳದಿ ಕಣ್ಣು, ರಕ್ತಹೀನತೆ ಇರುವವರಿಗೆ ರಕ್ತಪರೀಕ್ಷೆ ಮಾಡಿಸಿರಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಿ, 2047ರ ಹೊತ್ತಿಗೆ ಈ ರೋಗವನ್ನು ನೀಗಬೇಕೆಂದು ಸಂಕಲ್ಪಿಸಿದೆ. ಅಲ್ಲಿ ಕೊಡುವ ಚೀಟಿಯನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಡಬೇಡಿರಿ. ವಾಹಕರಾದ ಇಬ್ಬರು ಮದುವೆಯಾದರೆ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಜಾತಕಗಳನ್ನು ಕೂಡಿಸುವಷ್ಟು ಶ್ರದ್ಧೆಯಿಂದ ಈ ಚೀಟಿಗಳನ್ನೂ ಕೂಡಿಸಿ ನೋಡಬೇಕು. ಹೈಡ್ರಾಕ್ಸಿಯೂರಿಯಾ ಎಂಬ ಔಷಧದಿಂದ ಅನೇಕ ರೋಗಿಗಳ ನೋವು ತಗ್ಗಿದೆ. ಅದನ್ನು ತೆಗೆದುಕೊಳ್ಳುವವರು ಮಗು ಬೇಕೆಂದಾಗ ಮುಂಚಿತವಾಗಿಯೇ ವೈದ್ಯರನ್ನು ಕೇಳಬೇಕು.

ಗಂಡನ ರಕ್ತವನ್ನು ಪರೀಕ್ಷಿಸಿದರು, ನಿರ್ದೋಷವಾಗಿತ್ತು. ಆದುದರಿಂದ ಮಗುವು ವಾಹಕವೇ ಹೊರತು ರೋಗಿಯಲ್ಲ. ಈಗ ಅದು ನಮ್ಮ ಜಗಲಿಯ ಮೇಲೆ ಅಂಬೆಗಾಲಿಡುತ್ತಿದೆ. ತಾಯಿಯು ಹೆಪ್ಪು ತಡೆಯುವ ಗುಳಿಗೆಗಳನ್ನು ವೈದ್ಯರು ಹೇಳಿದಷ್ಟು ತಿಂಗಳು ತಪ್ಪದೆ ತೆಗೆದುಕೊಂಡಳು. ಅವಳ ಚೀಟಿಯು ಈಗ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಮೊಳೆಗೆ ತೂಗುತ್ತಿದೆ, ಬಂದವರೆಲ್ಲರೂ ನೋಡಬಹುದು. ಅದರ ಕೆಳಗೆ ಯಾವಾಗಲೂ ಒಂದು ಚೊಂಬು ನೀರು ಇರುತ್ತದೆ. ಅದನ್ನು ತುಂಬಿಡುವ ಕೆಲಸವನ್ನು ನಾವು ಯಾರಿಗೂ ಬಿಟ್ಟುಕೊಟ್ಟಿಲ್ಲ.